ಆನೆ ಪುಟದ ಅರ್ಧ ಗಂಟೆ

ರಾಮನಗರದಿಂದ ಹೊರಡುವ ನಮ್ಮ ಪತ್ರಿಕೆ ಚಿಕ್ಕದು, ಅದರ ವೆಬ್‌ಸೈಟ್ ಇನ್ನೂ ಚಿಕ್ಕದು. ಅದನ್ನು ನೋಡಿಕೊಳ್ಳುವವರು ಇಬ್ಬರೇ. ಸುದ್ದಿ ಹಾಕುವುದು ಉಪಸಂಪಾದಕನಾದ ನನ್ನ ಕೆಲಸ. ಯಂತ್ರದ ಕಡೆಯದು ಮಾಗಡಿಯಿಂದ ದಿನವೂ ಬೈಕಿನಲ್ಲಿ ಬರುವ ಗೆಳೆಯನ ಕೆಲಸ. ಅವನು ಮೊದಲು ಪುಟವಿನ್ಯಾಸ ಮಾಡುತ್ತಿದ್ದ. ಸರ್ವರ್ ನಡೆಸುವುದನ್ನು ತಾನೇ ಓದಿ, ಕೆಡಿಸಿ, ಸರಿಮಾಡಿ ಕಲಿತವನು.

ಸೈಟಿನಲ್ಲಿ ಜನ ಅತಿ ಹೆಚ್ಚು ನೋಡುವುದು ರಾಜಕೀಯವನ್ನಲ್ಲ, ರೇಷ್ಮೆಗೂಡಿನ ಧಾರಣೆಯನ್ನೂ ಅಲ್ಲ. ಆನೆಯನ್ನು. ಕನಕಪುರ, ಚನ್ನಪಟ್ಟಣದ ಕಾಡಂಚಿನ ಊರುಗಳಲ್ಲಿ ಆನೆ ಎಲ್ಲಿದೆ ಎಂದು ತಿಳಿಯದೆ ಬೆಳಿಗ್ಗೆ ಯಾರೂ ಹೊರಗೆ ಕಾಲಿಡುವುದಿಲ್ಲ. ಆ ಊರುಗಳ ನಮ್ಮ ಸುದ್ದಿಗಾರರು, ರಾತ್ರಿ ಹೊಲದ ಕಾವಲಿಗೆ ಹೋದವರು ನನಗೆ ಫೋನ್ ಮಾಡುತ್ತಾರೆ. ನಾನು ಐದು ಗಂಟೆಗೆ ಎದ್ದು ಮನೆಯಿಂದಲೇ ಟೈಪ್ ಮಾಡುತ್ತೇನೆ: ಯಾವ ಊರು, ಯಾವ ದಿಕ್ಕು, ಎಷ್ಟು ಆನೆ. ಹತ್ತು ಹನ್ನೆರಡು ಸಾಲು, ಚಿತ್ರವಿಲ್ಲ. ನಾವು ಅದನ್ನು ಆನೆ ಪುಟ ಎನ್ನುತ್ತೇವೆ.

ಒಂದು ಬೆಳಿಗ್ಗೆ ದೊಡ್ಡಆಲಹಳ್ಳಿ ಕಡೆಯ ಹಳ್ಳಿಯಿಂದ ಹೆಂಗಸೊಬ್ಬರು ಫೋನ್ ಮಾಡಿದರು. ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು. ಆರಕ್ಕೆ ಡೈರಿ ಬಾಗಿಲು ತೆಗೆಯುವವರೂ ಅವರೇ.

"ಸಾರ್, ನಿಮ್ ಆನೆ ಪುಟ ಓಪನ್ನೇ ಆಯ್ತಿಲ್ಲ. ಸುತ್ತತಾನೇ ಐತೆ. ನಾನ್ ಕೆರೆ ಏರಿ ಮೇಲ್ ಹೋಗ್ಲಾ, ಟಾರ್ ರೋಡಲ್ ಹೋಗ್ಲಾ ಹೇಳ್ಬುಡಿ."

ಏರಿಯ ಮೇಲಿನ ದಾರಿ ಹತ್ತು ನಿಮಿಷದ್ದು. ಟಾರ್ ರಸ್ತೆ ಊರನ್ನು ಬಳಸಿಕೊಂಡು ಹೋಗುತ್ತದೆ, ಅರ್ಧ ಗಂಟೆ ಬೇಕು. ಏರಿಯ ಒಂದು ಬದಿ ನೀರು, ಇನ್ನೊಂದು ಬದಿ ಬಿದಿರು. ಅಲ್ಲಿ ಆನೆ ಎದುರಾದರೆ ಓಡಲು ಜಾಗವಿಲ್ಲ. ಅವತ್ತು ಆನೆ ದೂರವಿದೆ ಎಂದು ನಾನು ಬಾಯಲ್ಲೇ ಹೇಳಿದೆ, ಅವರು ಏರಿಯ ಮೇಲೆ ಹೋದರು. ಆದರೆ ಒಂದು ಪ್ರಶ್ನೆ ತಲೆಯಲ್ಲಿ ಉಳಿಯಿತು. ಹನ್ನೆರಡು ಸಾಲಿನ ಪುಟ ತೆರೆಯಲು ಇಷ್ಟು ಹೊತ್ತು ಏಕೆ?

ಗೆಳೆಯನನ್ನು ಕೇಳಿದೆ. ಅವನ ಉತ್ತರ ಸಿದ್ಧವಾಗಿತ್ತು. "ಅಲ್ಲಿ ಸಿಗ್ನಲ್ ಇಲ್ಲ ಕಣ್ಲಾ. ಅದುಕ್ ಸರ್ವರ್ ಏನ್ ಮಾಡಾದು?"

"ಸಿಗ್ನಲ್ ಮಧ್ಯಾಹ್ನವೂ ಅಷ್ಟೇ. ಮಧ್ಯಾಹ್ನ ತೆರೆಯುತ್ತದಂತೆ."

ಅವನು ಕುರ್ಚಿ ತಿರುಗಿಸಿ ಕೂತ. ಕೇಳಿದವರಿಗೆ ಪುಟ ಕಳಿಸಿಕೊಡುವ ನಮ್ಮ ಸರ್ವರ್ ಸಾಫ್ಟ್‌ವೇರ್ ಹಳೆಯದು, ಅವನು ಕಲಿತದ್ದು ಅದರಲ್ಲೇ. ಅದಕ್ಕಿಂತ ವೇಗದ್ದು ಎಂದು ಎಲ್ಲರೂ ಹೇಳುವ ಇನ್ನೊಂದು ಇದೆ ಎಂದು ನನಗೆ ಅವನೇ ಹಿಂದೊಮ್ಮೆ ಹೇಳಿದ್ದ. ಅದನ್ನು ನೆನಪಿಸಿದೆ. "ಎಲ್ರೂ ಯೋಳ್ತಾರೆ ಅಂತ ಬದಲಾಯ್ಸಕ್ಕಾಯ್ತದಾ? ಅಳೆದು ನೋಡವ," ಎಂದ. ಆ ಮಾತು ನನಗೆ ಹಿಡಿಸಿತು.

ಒಂದು ಖಾಲಿ ಯಂತ್ರದಲ್ಲಿ ಎರಡನ್ನೂ ಹಾಕಿ, ಎರಡರಲ್ಲೂ ಅದೇ ಆನೆ ಪುಟ ಇಟ್ಟ. ಕಚೇರಿಯ ಕಂಪ್ಯೂಟರಿನಿಂದ ತೆರೆದೆವು. ಎರಡೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದವು. ಹತ್ತು ಸಲ ತೆರೆದೆವು, ಹತ್ತು ಸಲವೂ ಅಷ್ಟೇ.

"ನೋಡ್ದಾ? ಎರಡೂ ಒಂದೇಯಾ," ಎಂದು ಎದ್ದ.

ಅಳತೆಯಲ್ಲಿ ತಪ್ಪಿರಲಿಲ್ಲ. ಅಳೆದ ಜಾಗ ತಪ್ಪಿರಬಹುದು ಅನ್ನಿಸಿತು. ಆನೆ ಪುಟವನ್ನು ಒಂದು ದಿನದ ಮಟ್ಟಿಗೆ ಗೆಳೆಯನಿಗೆ ಒಪ್ಪಿಸಿದೆ. ಕನಕಪುರದಲ್ಲಿ ಅಕ್ಕನ ಮನೆಯಲ್ಲಿ ತಂಗಿ, ಬೆಳಕು ಹರಿಯುವಾಗ ಆ ಹಳ್ಳಿಯ ಡೈರಿ ಮುಂದೆ ನಿಂತೆ.

ಆರಕ್ಕೆ ಐದು ನಿಮಿಷವಿರುವಾಗ ಜನ ಕ್ಯಾನು ಹಿಡಿದು ಬಂದರು. ಎಲ್ಲರ ಇನ್ನೊಂದು ಕೈಯಲ್ಲಿ ಫೋನು. ಡೈರಿಯ ಹತ್ತಿರ ಸಿಗ್ನಲ್ ಸಿಗುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಎಲ್ಲರೂ ಅಲ್ಲೇ ಒತ್ತಿಕೊಂಡು ನಿಂತು ಆನೆ ಪುಟ ತೆರೆಯುತ್ತಿದ್ದರು. ಹಾಲು ಹಾಕಿ ಹಾಗೇ ಹೊಲಕ್ಕೋ, ಹಿಪ್ಪುನೇರಳೆ ಸೊಪ್ಪು ಕೊಯ್ಯಲೋ ಹೋಗುವವರು. ಡೈರಿಗಳೆಲ್ಲ ಆರಕ್ಕೇ ತೆರೆಯುವುದರಿಂದ ಆ ಭಾಗದ ಎಲ್ಲ ಊರಿನ ಎಲ್ಲ ಜಗಲಿಗಳಲ್ಲೂ ಅದೇ ಹೊತ್ತಿಗೆ ಅದೇ ನಡೆಯುತ್ತಿತ್ತು. ಮುದುಕರೊಬ್ಬರ ಫೋನಿನಲ್ಲಿ ಪುಟ ಸಾಲು ಸಾಲಾಗಿ ಇಳಿಯುವುದನ್ನು ನೋಡಿದೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಒಂದು ಬೀಡಿ ಸೇದಬಹುದಿತ್ತು. ಅವರು ಸೇದಿದರು ಕೂಡ.

"ನೀವೇನಾ ಆನೆ ಬರಿಯೋರು?" ಎಂದು ಡೈರಿಯ ಅಕ್ಕ ನನ್ನನ್ನು ಗುರುತು ಹಿಡಿದರು. "ಆನೆಯಾದ್ರೂ ಬಂದ್ಬುಡ್ತದೆ, ನಿಮ್ ಪುಟ ಬರಕ್ಕಿಲ್ಲ." ಜಗಲಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಕಚೇರಿಗೆ ಬಂದು ಕಂಡದ್ದನ್ನು ಹೇಳಿದಾಗ ಗೆಳೆಯ ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡ. ಆಮೇಲೆ ವಿವರಿಸಿದ. ನಾವು ಬಳಸುತ್ತಿದ್ದ ಹಳೆಯದು, ಬಂದ ಒಬ್ಬೊಬ್ಬರಿಗೂ ಒಬ್ಬೊಬ್ಬ ಆಳನ್ನು ಕೊಡುತ್ತದೆ. ಆ ಮುದುಕರ ಫೋನು ಕೊನೆಯ ಸಾಲು ತೆಗೆದುಕೊಳ್ಳುವವರೆಗೆ ಆ ಆಳು ಕದಲುವಂತಿಲ್ಲ. ಆಳುಗಳ ಸಂಖ್ಯೆಗೆ ಮಿತಿ ಇದೆ. ಎಲ್ಲರೂ ನಿಧಾನದ ಫೋನುಗಳ ಮುಂದೆ ಕೈಕಟ್ಟಿ ನಿಂತರೆ ಹೊಸಬರು ಬಾಗಿಲ ಹೊರಗೇ.

"ಹೊಸದು?"

"ಅದ್ರಲ್ ಆಳುಗಳು ನಾಕೇ ಜನ. ಆದ್ರೆ ಯಾರ್ ಮುಂದೆನೂ ನಿಂತ್ಕಳಕ್ಕಿಲ್ಲ."

ನಾಲ್ಕೇ ಆಳು ನೂರಾರು ಜನರನ್ನು ಹೇಗೆ ಸುಧಾರಿಸುತ್ತಾರೆ ಎಂಬುದು ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಎರಡು ದಿನದ ನಂತರ, ಬೇರೆ ವರದಿಗೆಂದು ರಾಮನಗರದೊಳಗಿನ ರೇಷ್ಮೆ ನೂಲು ತೆಗೆಯುವ ಘಟಕಕ್ಕೆ ಹೋದಾಗ. ಬಿಸಿನೀರಿನ ತೊಟ್ಟಿಗಳಲ್ಲಿ ಗೂಡುಗಳು ಕುಣಿಯುತ್ತಿದ್ದವು, ಮೇಲಿನ ರಾಟೆಗಳಿಗೆ ಎಳೆಗಳು ಏರುತ್ತಿದ್ದವು. ಒಂದೊಂದು ತೊಟ್ಟಿಯಿಂದಲೂ ಹಲವು ಎಳೆ, ನೋಡಿಕೊಳ್ಳುವವರು ಒಬ್ಬರೇ ಹೆಂಗಸು. ಓಡುತ್ತಿರುವ ಎಳೆಯ ಕಡೆ ಆಕೆ ತಿರುಗಿಯೂ ನೋಡುತ್ತಿರಲಿಲ್ಲ. ಕಡಿದ ಎಳೆಗೆ ಬೆರಳು ಹೋಗುತ್ತಿತ್ತು, ಹೊಸ ಗೂಡಿನ ತುದಿ ಸೇರಿಸಿ ಮುಂದಿನದಕ್ಕೆ.

ಒಂದನ್ನೂ ಬಿಡದೆ ಹೇಗೆ ನೋಡುತ್ತೀರಿ ಎಂದು ಕೇಳಿದೆ.

"ಎಲ್ಲಾನೂ ನೋಡ್ತಾ ಕೂತ್ರೆ ಕೆಲ್ಸ ಆಯ್ತದಾ ಸಾರ್? ಕರೆದಿದ್ದರ ತಾವ ಮಾತ್ರ ಹೋಗೋದು," ಎಂದರು ಆಕೆ, ಕೈ ನಿಲ್ಲಿಸದೆ.

ನಾನು ಅಲ್ಲಿಂದಲೇ ಗೆಳೆಯನಿಗೆ ಫೋನ್ ಮಾಡಿ, ನಿನ್ನ ನಾಲ್ಕು ಆಳುಗಳೂ ಹೀಗೆಯೇ ತಾನೇ ಎಂದು ಕಂಡದ್ದನ್ನು ಹೇಳಿದೆ. "ಊಂ ಕಣ್ಲಾ, ಅದೇಯಾ," ಎಂದ. "ಇಷ್ಟ್ ಯೋಳಕ್ಕೆ ಅಲ್ಲೀಗಂಟ ಹೋಗಿದ್ದಾ?"

ಈ ಸಲ ಅಳತೆ ಬೇರೆಯಾಯಿತು. ನಿಧಾನದ ಫೋನುಗಳಂತೆ ನಟಿಸುವ ಒಂದು ಪ್ರೋಗ್ರಾಂ ಅವನು ಬರೆದ. ಅದು ನೂರಾರು ಮುದುಕರ ಫೋನುಗಳಂತೆ ಒಂದೇ ನಿಮಿಷದಲ್ಲಿ ಬಂದು, ತೊಟ್ಟುತೊಟ್ಟಾಗಿ ಪುಟ ಕೇಳುತ್ತದೆ. ಹಳೆಯದರ ಮೇಲೆ ಬಿಟ್ಟಾಗ, ಪಕ್ಕದ ಕಂಪ್ಯೂಟರಿನಲ್ಲಿ ನಾನು ತೆರೆದ ಪುಟ ಸುತ್ತತೊಡಗಿತು. ಡೈರಿ ಜಗಲಿಯಲ್ಲಿ ಕಂಡದ್ದೇ ನಮ್ಮ ಮೇಜಿನ ಮೇಲೆ. ಹೊಸದರ ಮೇಲೆ ಬಿಟ್ಟಾಗ ನನ್ನ ಪುಟ ತಕ್ಷಣ ಬಂತು. ಎರಡನೆಯ ಸಲವೂ ಬಂತು. ಅವನು ಪರದೆಯನ್ನು ಒಂದು ಕ್ಷಣ ನೋಡಿ, "ಒಸಿ ಟೀ ತರ್ಸು," ಎಂದ. ಸೋತೆ ಎಂದು ಅವನು ಹೇಳುವ ರೀತಿ ಅದು.

ಬದಲಾಯಿಸುವಾಗ ಅವನು ಇನ್ನೊಂದು ಪ್ರಶ್ನೆ ಕೇಳಿದ. ಹೊಸ ಸಾಫ್ಟ್‌ವೇರ್ ಒಂದೊಂದು ಪುಟದ ಪ್ರತಿಯನ್ನು ತನ್ನ ಬಳಿ ಎತ್ತಿಟ್ಟುಕೊಂಡು, ಕೇಳಿದವರಿಗೆಲ್ಲ ಅದನ್ನೇ ಕೊಡಬಲ್ಲದು. ಹಾಗೆ ಮಾಡಿದರೆ ಇನ್ನೂ ವೇಗ. ಪ್ರತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಪತ್ರಿಕೆಯಲ್ಲಿ ಪುಟ ಮುದ್ರಣಕ್ಕೆ ಹೋದ ಮೇಲೆ ಮರುದಿನದವರೆಗೆ ಅದೇ ಸತ್ಯ. ಅದು ನಮಗೆ ಅಭ್ಯಾಸ. ಅದರ ಮುಂದೆ ಅರ್ಧ ಗಂಟೆ ಏನೂ ಅಲ್ಲ. "ಅರ್ಧ ಗಂಟೆ ಇಡು," ಎಂದೆ. ಯಾವ ಪುಟಕ್ಕೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಬದಲಾಯಿಸಿದ ನಾಲ್ಕನೆಯ ದಿನ ಬೆಳಿಗ್ಗೆ ಡೈರಿಯ ಅಕ್ಕನ ಫೋನ್ ಬಂತು.

"ಸಾರ್, ಪುಟ ಈಗ ಚೆಂದಾಗ್ ಓಪನ್ ಆಯ್ತದೆ. ಒತ್ತಿದ್ ತಕ್ಷಣ."

"ಒಳ್ಳೇದಾಯಿತಕ್ಕ."

"ಆದ್ರೆ ಆನೆ ಏರಿ ಮೇಲಿತ್ತು."

ನಿಮಗೇನೂ ಆಗಲಿಲ್ಲ ತಾನೇ ಎಂದು ಕೇಳಿದೆ. ನಡೆದದ್ದನ್ನು ಹೇಳಿದರು. ಪುಟದಲ್ಲಿ ಆನೆಗಳು ಕಾಡಿನಂಚಿನ ಮಾವಿನ ತೋಪಿನಲ್ಲಿವೆ ಎಂದಿತ್ತು. ನಂಬಿ ಏರಿ ಹತ್ತಿದರು. ನಡುದಾರಿಯಲ್ಲಿ ಲದ್ದಿ ಕಂಡಿತು, ಇನ್ನೂ ಹಬೆಯಾಡುತ್ತಿತ್ತು. ನಿಂತರು. ಮುಂದಿನ ತಿರುವಿನಲ್ಲಿ ಬಿದಿರು ಮುರಿಯುವ ಸದ್ದು. ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಿಲ್ಲದೆ, ಬೆನ್ನು ತಿರುಗಿಸದೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಇಳಿದರಂತೆ.

"ಡೈರಿ ತೆಗೆಯಾದು ಲೇಟಾಯ್ತು. ಜನ ಬೈದ್ರು," ಎಂದರು. ಅವರ ದೂರು ಅಷ್ಟೇ ಇತ್ತು. "ಮೊದ್ಲು ಪುಟ ಬತ್ತಿರ್ನಿಲ್ಲ, ಆಗ ನಿಮಗ್ ಫೋನ್ ಮಾಡ್ತಿದ್ದೆ. ಇವತ್ ಬಂತಲ್ಲ, ಅದುಕ್ಕೆ ಮಾಡ್ನಿಲ್ಲ."

ನಾನು ಬರೆದಿಟ್ಟುಕೊಳ್ಳುವ ಅಭ್ಯಾಸದವನು. ಟಿಪ್ಪಣಿ ತೆಗೆದು ನೋಡಿದೆ. ಆನೆ ತೋಪು ಬಿಟ್ಟು ಕೆರೆಯ ಕಡೆ ಹೊರಟಿದೆ ಎಂದು ಕಾವಲಿನವರ ಫೋನು ಬಂದದ್ದು ಐದು ಮೂವತ್ತೊಂದಕ್ಕೆ. ನಾನು ಟೈಪ್ ಮಾಡಿದ್ದು ಮೂವತ್ತನಾಲ್ಕಕ್ಕೆ. ಅಕ್ಕ ಪುಟ ತೆರೆದದ್ದು ನಲವತ್ತೈದರ ಹೊತ್ತಿಗೆ. ಸರ್ವರ್ ಅವರಿಗೆ ಕೊಟ್ಟದ್ದು ಐದು ಇಪ್ಪತ್ತಕ್ಕೆ ಎತ್ತಿಟ್ಟುಕೊಂಡ ಪ್ರತಿಯನ್ನು.

ಗೆಳೆಯ ಬಂದೊಡನೆ, ಹಳೆಯದಕ್ಕೇ ಹೋಗೋಣವೇ ಎಂದು ಕೇಳಿದೆ.

"ಅರ್ಧ ಗಂಟೆ ಅಂದೋನು ಯಾವನ್ಲಾ?"

"ನಾನೇ."

"ಮತ್ತೆ? ಸರ್ವರ್ರು ಯೋಳ್ದಂಗ್ ಕೇಳ್ತು. ಅದ್ರ ತಪ್ಪಲ್ಲ, ನಿನ್ ಬಾಯ್ ತಪ್ಪು." ಕೀಬೋರ್ಡ್ ಎಳೆದುಕೊಂಡು, "ಆನೆ ಪುಟಕ್ಕೂನಾ ಅಂತ ಕೇಳ್ನಿಲ್ಲವಲ್ಲ, ಅದು ನಂದು," ಎಂದ.

ಅವತ್ತೇ ಸರಿಪಡಿಸಿದ. ನಾನು ಹೊಸ ಸಾಲು ಹಾಕಿದ ಕ್ಷಣವೇ ಆನೆ ಪುಟದ ಹಳೆಯ ಪ್ರತಿ ಅಳಿಸಿಹೋಗಬೇಕು. ಉಳಿದ ಪುಟಗಳಿಗೆ ಅರ್ಧ ಗಂಟೆ ಇರಲಿ. ನನ್ನ ಪಾಲಿಗೆ ಎರಡು ಕೆಲಸ ಉಳಿದವು. ಮೊದಲ ಸಾಲಿನಲ್ಲಿ, ಊರಿನ ಹೆಸರಿಗಿಂತ ಮೇಲೆ, ಬರೆದ ಗಂಟೆ ನಿಮಿಷವನ್ನು ದಪ್ಪ ಅಕ್ಷರದಲ್ಲಿ ಹಾಕಿದೆ. ಇಷ್ಟು ದಿನ ಅದಿರಲಿಲ್ಲ ಎಂಬುದೇ ಈಗ ನನಗೆ ಆಶ್ಚರ್ಯ. ಎರಡನೆಯದು ತಿದ್ದುಪಡಿ. ಮುದ್ರಣದಲ್ಲಿ ತಪ್ಪಾದರೆ ಹಾಕುವ ಹಾಗೆ, ನಾಲ್ಕು ದಿನ ಈ ಪುಟ ಹಳೆಯ ಮಾಹಿತಿ ತೋರಿಸಿರಬಹುದು ಎಂದು ಒಂದು ವಾರ ಆನೆ ಪುಟದ ತಲೆಯಲ್ಲಿ ಬರೆದಿಟ್ಟೆವು.

ಆ ವಾರ ಮುಗಿದ ಮೇಲೆ ಮತ್ತೆ ಆ ಹಳ್ಳಿಗೆ ಹೋದೆ. ಗೆಳೆಯ ಮಾಗಡಿಯಲ್ಲಿ ಕೂತು ಆನೆ ಪುಟ ಬರೆಯುತ್ತಿದ್ದ. ಏರಿಯೂ ಟಾರ್ ರಸ್ತೆಯೂ ಬೇರೆಯಾಗುವ ಕಡೆ ಅಕ್ಕ ನಿಂತು ಫೋನ್ ತೆಗೆದರು. ಸಿಗ್ನಲ್ ಒಂದೇ ಗೆರೆ. ಅವರು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಪುಟ ಬಂದಿತ್ತು.

"ಐದು ನಲವತ್ತೊಂದು," ಎಂದು ಮೊದಲು ಗಂಟೆ ಓದಿದರು. "ಈಗೆಷ್ಟು ಸಾರ್?"

"ನಲವತ್ತಮೂರು."

ಆನೆಗಳು ಹೊಳೆಯಾಚೆ ದಾಟಿವೆ ಎಂದಿತ್ತು. ಅಕ್ಕ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಆದರೆ ಹೊರಡಲಿಲ್ಲ. ಏರಿಯ ಕಡೆ ಮುಖ ಮಾಡಿ, ತಲೆ ಸ್ವಲ್ಪ ಓರೆ ಮಾಡಿ ನಿಂತರು. ಬಿದಿರಿನಲ್ಲಿ ಗಾಳಿ ಮಾತ್ರ ಇತ್ತು.

"ನಂಬಿಕೆ ಬರಲಿಲ್ವಾ ಅಕ್ಕ?"

"ನಂಬ್ತೀನಿ ಸಾರ್. ಈ ಎರಡ್ ನಿಮಿಷದ್ದ ನಾನೇ ನೋಡ್ಕಬೇಕಲ್ಲ."

ಇನ್ನಷ್ಟು ಹೊತ್ತು ಕೇಳಿಸಿಕೊಂಡರು. ಆಮೇಲೆ ಏರಿ ಹತ್ತಿದರು, ನಾನು ಹಿಂದೆ ನಡೆದೆ. ಡೈರಿ ಬಾಗಿಲು ಆರಕ್ಕೆ ಮುಂಚೆಯೇ ತೆರೆಯಿತು.