ಕೆಟ್ಲಿ ಕೆಡವಿದ ಕೈ

ಶಿಕಾರಿಪುರದ ಎಪಿಎಂಸಿ ಗೇಟಿನ ಪಕ್ಕ ಚಹಾ ಮಾರುವ ಲೋಕಮ್ಮನಿಗೆ ತಪ್ಪು ಮಾಡುವುದು ಚೆನ್ನಾಗಿ ಗೊತ್ತಿತ್ತು, ಒಪ್ಪಿಕೊಳ್ಳುವುದು ಮಾತ್ರ ಗೊತ್ತಿರಲಿಲ್ಲ. ಹಾಲು ಉಕ್ಕಿದರೆ ಸ್ಟೋವಿನ ತಪ್ಪು, ಚಹಾ ಒಗರಾದರೆ ಪುಡಿ ಕೊಟ್ಟವನ ತಪ್ಪು. ಅವಳ ಚಹಾ ರುಚಿಯಾಗಿತ್ತು ಅನ್ನುವ ಒಂದೇ ಕಾರಣಕ್ಕೆ ಹಮಾಲರು ಅವಳ ಬಾಯಿಯನ್ನು ಸಹಿಸಿಕೊಂಡಿದ್ದರು. ಗಂಡ ಹುಲಿಯಪ್ಪನಂತೂ ಮೂವತ್ತು ವರ್ಷದಿಂದ ನಕ್ಕು ಸುಮ್ಮನಾಗುತ್ತ ಬಂದವನು.

ಕೆಟ್ಲಿ ಹುಲಿಯಪ್ಪನದು. ಹಿತ್ತಾಳೆಯದು, ಒಳಗೆ ಕಲಾಯಿ. ಹರೆಯದಲ್ಲಿ ಸೊರಬದ ಒಂದು ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿ, ಸಪ್ಲೈಯರ್ ಆಗಿ, ಹೋಟೆಲು ಮುಚ್ಚಿದ ದಿನ ಯಜಮಾನರನ್ನು ಕೇಳಿ ಅದನ್ನು ತಂದುಕೊಂಡಿದ್ದ. ಗಾಡಿ ಹಾಕಿದ ಮೇಲೆ ಕುದಿಸುವುದು, ಸೋಸುವುದು ಲೋಕಮ್ಮನ ಪಾಲಿಗೆ; ಕೆಟ್ಲಿ ಹಿಡಿದು ಲೋಟಕ್ಕೆ ಬಗ್ಗಿಸುವುದು ಅವನ ಪಾಲಿಗೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಯಿತು, ನಾಲಿಗೆ ತೊದಲಿತು. ಗೋಡೆ ಕಡೆ ಮುಖ ಮಾಡಿ ಮಲಗಿದವನನ್ನು ಎಬ್ಬಿಸಿದ್ದು ಡಾಕ್ಟರ ಗುಳಿಗೆಯಲ್ಲ, ಈ ಕೆಟ್ಲಿ. ನೀರು ತುಂಬಿಕೊಂಡು, ಎಡಗೈಯಲ್ಲಿ ಬಗ್ಗಿಸುವುದನ್ನು ಅಂಗಳದಲ್ಲಿ ತಿಂಗಳುಗಟ್ಟಲೆ ಕಲಿತ. ಮೊದಮೊದಲು ಲೋಟಕ್ಕಿಂತ ನೆಲವೇ ಹೆಚ್ಚು ಕುಡಿಯಿತು. ಆಮೇಲೆ ಗಾಡಿಯ ಪಕ್ಕ ಸ್ಟೂಲಿನಲ್ಲಿ ಕೂತು ಹನಿ ಚೆಲ್ಲದ ಹಾಗೆ ಚಹಾ ಬಗ್ಗಿಸತೊಡಗಿದ. ಆ ಧೈರ್ಯದ ಮೇಲೆಯೇ ತನ್ನ ಊಟ ತಾನು ಉಂಡ, ತನ್ನ ಅಂಗಿಯ ಗುಂಡಿ ತಾನು ಹಾಕಿಕೊಂಡ.

ಅಂಥ ಕೆಟ್ಲಿಯನ್ನು ಒಂದು ಸೋಮವಾರ ಲೋಕಮ್ಮ ಕೆಡವಿದಳು. ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟಿದ್ದ ಹೊತ್ತು. ಹಾಲಿನ ಪಾತ್ರೆ ಎತ್ತಿ ಗಡಿಬಿಡಿಯಲ್ಲಿ ತಿರುಗಿದಾಗ ಗಾಡಿಯ ಮೇಲಿದ್ದ ಕೆಟ್ಲಿಗೆ ಮೊಣಕೈ ತಾಗಿತು. ಕೆಟ್ಲಿ ಕಲ್ಲಿನ ಮೇಲೆ ಬಿದ್ದು, ಮೂತಿ ಬುಡಸಮೇತ ಕಿತ್ತುಕೊಂಡು ದೂರ ಉರುಳಿತು. ಯಾರಿಗೋ ಲೋಟ ಕೊಡುತ್ತಿದ್ದ ಹುಲಿಯಪ್ಪ ಸದ್ದಿಗೆ ತಿರುಗಿ ನೋಡಿದ.

"ಏನಾತವ್ವಾ?" ಎಂದು ಎದುರಿನ ಮಂಡಿಯ ಪರಮಶಿವಪ್ಪ ಕೂಗಿದರು.

"ಇವ್ರೇ ನೋಡ್ರಿ, ತುದೀಗೆ ಇಟ್ಟು ಕುಂತಾರೆ! ಎಷ್ಟು ಸಲ ಹೇಳೀನಿ!" ಅವಳ ನಾಲಿಗೆ ಯೋಚನೆಗೆ ಮೊದಲೇ ಹೊರಟಿತ್ತು.

"ಹೋಗ್ಲಿ ಬಿಡವ್ವಾ, ಬೈಬ್ಯಾಡ. ಪಾಪ, ಇರೋದೊಂದು ಕೈ, ಅದಾದ್ರೂ ಎಷ್ಟು ಅಂತ ಮಾಡೀತು?"

ಹುಲಿಯಪ್ಪ ತನ್ನ ಎಡಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಆಮೇಲೆ ಅದನ್ನು ತೊಡೆಯ ಮೇಲಿನ ಟವಲಿನೊಳಗೆ ಇಟ್ಟುಕೊಂಡ. ಮಧ್ಯಾಹ್ನ ತಟ್ಟೆ ಮುಂದಿಟ್ಟರೂ ಕೈ ಹೊರಗೆ ಬರಲಿಲ್ಲ.

"ನೀನೇ... ಉಣ್ಸು," ಎಂದ. "ಈ ಕೈದೂ... ನಂಬಿಕಿ ಇಲ್ಲ."

ತುತ್ತು ಹೋಗಿದ್ದು ಅವನ ಬಾಯಿಗೆ, ಸಿಕ್ಕಿಕೊಂಡಿದ್ದು ಲೋಕಮ್ಮನ ಗಂಟಲಿಗೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾನೇ ಕೆಡವಿದ್ದು ಅನ್ನಲು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ "ಸಾರು ಹಾಕ್ಲಾ?" ಎಂದು ಮುಗಿಸಿದಳು. ಎಂಥ ಹೆಂಗಸಪ್ಪಾ!

ಅಂಡು ಸುಟ್ಟ ಬೆಕ್ಕಿನ ಹಾಗೆ ಎರಡು ದಿನ ಓಡಾಡಿದಳು. ಸ್ಟೀಲ್ ಜಗ್ಗಿನಿಂದ ತಾನೇ ಬಗ್ಗಿಸಿ ಅರ್ಧ ಚೆಲ್ಲಿದಳು. ಸಕ್ಕರೆ ಎರಡು ಸಲ ಹಾಕಿ ಬೈಸಿಕೊಂಡಳು, ಬೈದವನಿಗೆ ತಿರುಗಿಸಿ ಬೈದಳು. ಪಕ್ಕದ ಹೂವಿನ ಹಾಲಮ್ಮ "ಹೊಸಾದು ತಗೊಂಡ್ರಾತಪ್ಪ" ಎಂದದ್ದಕ್ಕೆ ಅವಳ ಜೊತೆ ಮಾತು ಬಿಟ್ಟಳು. ಹುಲಿಯಪ್ಪ ಸ್ಟೂಲಿನಲ್ಲಿ ಕೂತೇ ಇದ್ದ, ಕೈ ಟವಲಿನೊಳಗೇ ಇತ್ತು. ಬುಧವಾರ ಬೆಳಿಗ್ಗೆ ಗುಂಡಿ ಹಾಕಿಕೊಳ್ಳದೆ ತೆರೆದ ಅಂಗಿಯಲ್ಲೇ ಬಂದು ಕೂತ. ಅದನ್ನು ನೋಡಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಕೆಟ್ಲಿ ಮೊದಲಿನಂತಾದರೆ ಎಲ್ಲ ಸರಿಹೋಗುತ್ತದೆ, ಏನೂ ಹೇಳುವ ಪ್ರಸಂಗವೇ ಬರುವುದಿಲ್ಲ ಎಂದು ಲೆಕ್ಕ ಹಾಕಿದಳು. ಕೆಟ್ಲಿಯನ್ನೂ ಮೂತಿಯನ್ನೂ ಚೀಲಕ್ಕೆ ತುರುಕಿ, ಗಂಡನನ್ನು ನೋಡಿಕೊಳ್ಳಲು ಮಾತು ಬಿಟ್ಟ ಹಾಲಮ್ಮನಿಗೇ ಹೇಳಿ, ಆಧಾರ್ ಕಾರ್ಡ್ ಹಿಡಿದು ಸೊರಬದ ಬಸ್ಸು ಹತ್ತಿದಳು.

ಸೊರಬದಲ್ಲಿ ಹಿತ್ತಾಳೆಗೆ ಬೆಸುಗೆ ಹಾಕುವವರು ಉಳಿದಿದ್ದದ್ದು ಗುತ್ಯಪ್ಪ ಒಬ್ಬರೇ. ಅವರು ಮೂತಿಯನ್ನು ತಿರುಗಿಸಿ ನೋಡಿ, "ಹೆಂಗೆ ಬಿತ್ತು ಇದು?" ಎಂದರು.

"ಯಾರು ಕೆಡವಿದ್ರೆ ನಿಮಗೇನ್ರಿ? ಬೆಸುಗೆ ಹಾಕ್ರಿ ಸುಮ್ನೆ!"

"ಯಾರು ಅಂತ ನಾ ಎಲ್ಲಿ ಕೇಳ್ದೆ ಮಾರಾಯ್ತಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಮುಖ ಕೆಂಪಾಗಿ ಹೊರಬಂದಳು. ಮಧ್ಯಾಹ್ನ ಬನ್ನಿ ಎಂದಿದ್ದರೂ ಬಸ್‌ಸ್ಟ್ಯಾಂಡಿಗೂ ಅಂಗಡಿಗೂ ನಾಲ್ಕು ಸಲ ನಡೆದಳು. ಐದನೇ ಸಲ ಗುತ್ಯಪ್ಪ ಬೇಸತ್ತು ಅವಳನ್ನು ಅಲ್ಲೇ ಕೂರಿಸಿಕೊಂಡು ಕೆಲಸ ಮುಗಿಸಿದರು. ಬೆಸುಗೆ ಗಟ್ಟಿಯಾಗಿ ಕೂತಿತ್ತು, ಒಳಗೆ ಕಲಾಯಿ ಬೆಳ್ಳಗೆ ಹೊಳೆಯುತ್ತಿತ್ತು. ವಾಪಸು ಬರುವಾಗ ಶಿಕಾರಿಪುರದ ತನಕ ಕೆಟ್ಲಿಯನ್ನು ಮಡಿಲಲ್ಲಿ ಅಪ್ಪಿಕೊಂಡು ಕೂತಳು.

ಮಾರನೆಯ ದಿನ ಬಿಸಿ ಚಹಾ ತುಂಬಿಸಿ ಅವನ ಮುಂದಿಟ್ಟಳು. ಹಮಾಲರು ಲೋಟ ಹಿಡಿದು ನಿಂತರು. ಹುಲಿಯಪ್ಪ ಮೂತಿಯನ್ನು ನೋಡಿದ, ಬೆಸುಗೆಯ ಗೆರೆಯನ್ನು ನೋಡಿದ, ಕಣ್ಣು ತುಂಬಿ ಬಂತು. ಕೈ ಮಾತ್ರ ಟವಲಿನಿಂದ ಹೊರಗೆ ಬರಲಿಲ್ಲ.

"ಬ್ಯಾಡ. ಮತ್ತೆ... ಬೀಳಿಸ್ತೀನಿ."

ಲೋಕಮ್ಮನಿಗೆ ಆಗ ಹೊಳೆಯಿತು. ಬೆಸುಗೆ ಹಾಕಿಸಬೇಕಾದದ್ದು ಬೇರೆಲ್ಲೋ ಇತ್ತು.

"ರೀ, ಕೆಟ್ಲಿ ಕೆಡವಿದ್ದು ನೀವಲ್ಲ. ನಾನು. ನನ್ನ ಮೊಣಕೈ ತಾಗಿ ಬಿತ್ತು. ನೀವು ನಡುವೇ ಇಟ್ಟಿದ್ರಿ."

ಅವನು ನಂಬಲಿಲ್ಲ. ನಂಬುವುದಾದರೂ ಹೇಗೆ? ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳ ಬಾಯಿಂದ ಬಾರದ ಮಾತು ಅದು. ತನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಂಡು ಸೋತ ಮುಖದಲ್ಲಿ ನಕ್ಕ.

"ಸುಮ್ನಿರು ಲೋಕಿ. ಗೊತ್ತೈತಿ."

"ಅಯ್ಯೋ ನನ್ನ ಕರ್ಮವೇ! ಹುಟ್ಟಿದಾಗಿಂದ ಒಂದ್ಸಲ ತಪ್ಪು ಒಪ್ಕೊಂಡೀನಿ, ಅದನ್ನೂ ನಂಬಲ್ವಲ್ರೀ!" ಅವಳಿಗೆ ಅಳು, ಸಿಟ್ಟು ಒಟ್ಟಿಗೇ ಬಂದವು. ಮಂಡಿಗೆಲ್ಲ ಕೇಳುವಂತೆ ಕೂಗಿದಳು. "ಪರಮಶಿವಪ್ಪೋರೇ, ನೀವೂ ಕೇಳ್ರಿ! ಕೆಡವಿದ್ದು ನಾನು, ಹೆಸರು ಹೇಳಿದ್ದು ಇವರದ್ದು. ತೊಗರ್ಸಿ ಮಲ್ಲಿಕಾರ್ಜುನನ ಆಣೆಗೂ!"

ಲೋಕಮ್ಮ ದಿನಕ್ಕೆ ಹತ್ತು ಸುಳ್ಳು ಹೇಳಿಯಾಳು, ದೇವರ ಮೇಲೆ ಸುಳ್ಳಾಣೆ ಇಡುವವಳಲ್ಲ. ಅದು ಹುಲಿಯಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಮುಖದ ನಗು ಹೋಯಿತು. ಕತ್ತಿನ ನರ ಉಬ್ಬಿತು.

"ಕಣ್ಣು... ಕಾಣಲ್ವಾ ನಿಂಗೆ? ಮೂರು ದಿನ! ಮೂರು ದಿನ ಈ ಕೈ ಸತ್ತೋತು ಅಂತ ಕುಂತೀನಲ್ಲೇ! ನನ್ನ ಬಾಯಿಗೆ ನೀನು... ತುತ್ತಿಟ್ಟೆ! ನಾಚ್ಕಿ ಆಗಲಿಲ್ಲ?"

ಲಕ್ವ ಹೊಡೆದ ಮೇಲೆ ಅವನು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಬೈಯುತ್ತಲೇ ಎಡಗೈಯಲ್ಲಿ ಕೆಟ್ಲಿ ಎತ್ತಿದ. ಒಂದು ಲೋಟ, ಎರಡು, ಆರು. ಅಷ್ಟು ಸಿಟ್ಟಿನಲ್ಲೂ ಒಂದು ಹನಿ ಆಚೆ ಬೀಳಲಿಲ್ಲ. ಹಮಾಲರಿಗೆ ಕೊಟ್ಟ, ಹಾಲಮ್ಮನಿಗೆ ಕೊಟ್ಟ, ತಲೆ ತಗ್ಗಿಸಿ ಬಂದ ಪರಮಶಿವಪ್ಪನವರಿಗೂ ಕೊಟ್ಟ.

ಕೊನೆಗೆ ಲೋಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತನ್ನ ಲೋಟ ಚಾಚಿದಳು. ಅವನು ಕೆಟ್ಲಿಯನ್ನು ಕೆಳಗಿಟ್ಟು ಮುಚ್ಚಳ ಮುಚ್ಚಿದ.

"ನಿಂಗೆ ನಾಳೆ," ಎಂದ.