ಚಪ್ಪಲಿಯೊಳಗೆ ಕೈ ಹಾಕುತ್ತಿದ್ದ ಸಿಸ್ಟರ್

ಸಿಸ್ಟರ್ ಅವರ ಬೆರಳ ತುದಿಗಳು ಯಾವಾಗಲೂ ನೆನೆದು, ಬಿಳಿಚಿ, ಸುಕ್ಕುಗಟ್ಟಿರುತ್ತಿದ್ದವು. ಮದುವೆ ಮನೆಯಲ್ಲಿ ಬೆಳಗಿನಿಂದ ಪಾತ್ರೆ ತೊಳೆದವರ ಕೈಯ ಹಾಗೆ. ದಿನಕ್ಕೆ ಎಷ್ಟು ಸಲ ಸೋಪು ಹಚ್ಚಿ ತೊಳೆಯುತ್ತಿದ್ದರೋ ಅವರಿಗೇ ಗೊತ್ತಿರಲಿಲ್ಲ. ಆ ಕೈಯನ್ನು ಅವರು ಮೊದಲು ರೋಗಿಯ ಗಾಯದ ಮೇಲೆ ಇಡುತ್ತಿರಲಿಲ್ಲ, ಚಪ್ಪಲಿಯೊಳಗೆ ಹಾಕುತ್ತಿದ್ದರು. ಎಡಗಾಲಿನದು, ಬಲಗಾಲಿನದು, ಎರಡನ್ನೂ ಎತ್ತಿಕೊಂಡು ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಸವರಿ ನೋಡುತ್ತಿದ್ದರು. ಕಲ್ಲು, ಮುಳ್ಳು, ಮೊಳೆ, ಕಿತ್ತ ಹೊಲಿಗೆ ಏನಿದ್ದರೂ ಅಲ್ಲೇ ಸಿಕ್ಕಿಬೀಳಬೇಕು. ಆಮೇಲೆ ಮತ್ತೆ ಕೈ ತೊಳೆದು, ಗಿಡ್ಡ ಸ್ಟೂಲಿನ ಮೇಲೆ ಕೂತು, ರೋಗಿಯ ಕಾಲನ್ನು ತೊಡೆಯ ಮೇಲಿನ ಟವೆಲ್ಲಿಗೆ ಎಳೆದುಕೊಳ್ಳುತ್ತಿದ್ದರು.

ಅದು ಹಳೇಬೀಡಿನ ನಮ್ಮ ಕ್ಲಿನಿಕ್ಕಿನ ಡ್ರೆಸ್ಸಿಂಗ್ ರೂಮು. ನಮ್ಮದು ಅಂದರೆ ಆರು ಜನ ಡಾಕ್ಟರುಗಳು ಸೇರಿ ಕಟ್ಟಿಕೊಂಡ ಗ್ರೂಪಿನದು. ಅರಸೀಕೆರೆಯಲ್ಲಿ ದೊಡ್ಡ ಆಸ್ಪತ್ರೆ. ಬಾಣಾವರ, ಬೇಲೂರು, ಹಳೇಬೀಡಿನಲ್ಲಿ ಚಿಕ್ಕ ಕ್ಲಿನಿಕ್ಕುಗಳು. ನಾನು ಅದರ ಫೈನಾನ್ಷಿಯಲ್ ಅನಲಿಸ್ಟ್. ಹಾಗಂದರೇನು ಅಂತ ಕೊಬ್ಬರಿ ಮಂಡಿ ಇಟ್ಟಿದ್ದ ನಮ್ಮಪ್ಪನಿಗೆ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ. 'ಲೆಕ್ಕ ಬರೆಯೋದಲ್ವೇನಮ್ಮ?' ಅನ್ನುತ್ತಿದ್ದರು. ಲೆಕ್ಕ ಬರೆಯುವವರು ಬೇರೆ ಇದ್ದರು. ಯಾವ ಕೋಣೆಯಿಂದ ಲಾಭ, ಯಾವ ಕೋಣೆ ದಂಡ, ಯಾವುದನ್ನು ಬೆಳೆಸಬೇಕು, ಯಾವುದನ್ನು ಮುಚ್ಚಬೇಕು ಎಂದು ಡಾಕ್ಟರುಗಳಿಗೆ ಹೇಳುವುದು ನನ್ನ ಕೆಲಸ. ಹೇಳಿದೆ ನೋಡಿ, ಚೆನ್ನಾಗಿ ಹೇಳಿದೆ! ಇವತ್ತಿಗೂ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಸಿಸ್ಟರ್ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬಾಯಿ ಮಾತ್ರ ಬಲು ಜೋರು. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರೇ ಅವರ ರೂಮಿಗೆ ಹೆಚ್ಚಾಗಿ ಬರುತ್ತಿದ್ದದ್ದು. ಯಾರಾದರೂ 'ಅಯ್ಯೋ ಉರೀತೈತಮ್ಮಾ' ಎಂದು ಕಿರುಚಿದರೆ, 'ಉರೀಲಿ ಬುಡು. ನೋವೈತೆ ಅಂದ್ರೆ ನಿನ್ನ ಕಾಲು ಇನ್ನೂ ನಿನ್ ಮಾತು ಕೇಳ್ತೈತೆ ಅಂತ' ಅನ್ನುತ್ತಿದ್ದರು. ಅವರು ಹೆದರುತ್ತಿದ್ದದ್ದು ನೋವಿಲ್ಲ ಅನ್ನುವವರಿಗೆ.

ಅಂಥವರೊಬ್ಬರು ಸಿಕ್ಕ ಕಥೆಯನ್ನು ಕ್ಲಿನಿಕ್ಕಿನಲ್ಲಿ ಎಲ್ಲರೂ ಹೇಳುತ್ತಿದ್ದರು. ದೇವಸ್ಥಾನದಲ್ಲಿ ಪ್ರವಾಸಿಗರಿಗೆ ಶಿಲ್ಪ ತೋರಿಸುವ ಗೈಡ್ ಒಬ್ಬರು ಕೆಮ್ಮಿಗೆ ಔಷಧಿ ಕೇಳಲು ಬಂದು ಬೆಂಚಿನ ಮೇಲೆ ಕೂತಿದ್ದರು. ಬಿಸಿಲು ಕಾಲದ ಮಧ್ಯಾಹ್ನ. ಹೊರಗೆ ಚಪ್ಪಲಿ ಬಿಟ್ಟು ದೇವಸ್ಥಾನದ ಕಟ್ಟೆ ಸುತ್ತಿದ ಜನ ಕೋತಿಯ ಹಾಗೆ ಕುಣಿಯುವ ಹೊತ್ತು. ಗೈಡಣ್ಣ ಪಕ್ಕದವರ ಹತ್ತಿರ ಜಂಬ ಕೊಚ್ಚುತ್ತಿದ್ದರು: 'ನಂಗೆ ಆ ಕಲ್ಲು ಸುಡಾಕಿಲ್ಲ ಕಣ್ರೀ. ಇಷ್ಟು ವರ್ಷ ಸೇವೆ ಮಾಡಿವ್ನಿ, ದೇವ್ರು ಕಾಲು ಗಟ್ಟಿ ಮಾಡವ್ನೆ.' ಪಕ್ಕದವರು ಹೌದೌದು ಎಂದು ಕೈ ಮುಗಿದರಂತೆ. ಊರಿನ ಉಳಿದ ಗೈಡುಗಳಿಗೂ ಅದೊಂದು ಹೆಮ್ಮೆಯ ಮಾತಾಗಿತ್ತು.

ಒಳಗಿದ್ದ ಸಿಸ್ಟರ್ ಅರ್ಧ ಕಟ್ಟಿದ ಬ್ಯಾಂಡೇಜು ಬಿಟ್ಟು ಎದ್ದು ಬಂದರು. 'ಕಾಲು ಕೊಡಿ ಇಲ್ಲಿ' ಎಂದು ಪಾದ ಹಿಡಿದು, ಬಾಲ್‌ಪೆನ್ನಿನ ಹಿಂಬದಿಯಿಂದ ಅಂಗಾಲನ್ನು ಒತ್ತಿದರು. 'ಏನಾತು?' ಎಂದು ಕೇಳಿದರು.

'ಏನಾಗ್ಬೇಕಿತ್ತು?' ಅಂದರು ಗೈಡಣ್ಣ. ಒತ್ತಿದ್ದೇ ಅವರಿಗೆ ಗೊತ್ತಾಗಿರಲಿಲ್ಲ.

'ದೇವ್ರು ಗಟ್ಟಿ ಮಾಡಿಲ್ಲ ಕಣಣ್ಣ, ಸಕ್ಕರೆ ಕಾಯ್ಲೆ ಮಾಡೈತೆ. ಅಂಗಾಲು ನೋಡ್ಕೊಂಡಿದ್ದೀರಾ? ಬೆಂದು ಬೊಬ್ಬೆ ಎದ್ದೈತೆ!'

ಅವತ್ತಿನಿಂದ ಗೈಡಣ್ಣ ಎರಡು ಜೊತೆ ಕಾಲುಚೀಲ ಹಾಕಿಕೊಂಡೇ ದೇವಸ್ಥಾನ ತೋರಿಸಬೇಕಾಯಿತು. ಉಳಿದ ಗೈಡುಗಳು 'ಏನ್ಲಾ ಮದುಮಗ' ಎಂದು ಆಡಿಕೊಂಡರೆ, ಸಿಸ್ಟರ್ ಒಂದು ದಿನ ಹೋಗಿ ಅವರನ್ನೆಲ್ಲ ಸಾಲಾಗಿ ಕೂರಿಸಿ ಅಂಗಾಲು ಒತ್ತಿ ನೋಡಿ ಬಂದರು. ಬೊಬ್ಬೆ ವಾಸಿಯಾದ ಮೇಲೂ ಗೈಡಣ್ಣ ವಾರಕ್ಕೊಂದು ಸಲ ಬಂದು ಕಾಲನ್ನೂ ಚಪ್ಪಲಿಯನ್ನೂ ತೋರಿಸಿ ಹೋಗಬೇಕಿತ್ತು. ಬರದಿದ್ದರೆ ಫೋನು ಹೋಗುತ್ತಿತ್ತು: 'ಯಾಕಣ್ಣ, ಕಾಲು ಬೇಡ್ವಾ?'

ಇಂಥ ರೂಮಿಗೆ ನಾನು ಮೊಬೈಲಿನ ಸ್ಟಾಪ್‌ವಾಚು ಹಿಡಿದುಕೊಂಡು ಹೋದೆ. ಪ್ರತಿ ಕೋಣೆಯಲ್ಲೂ ಒಬ್ಬ ರೋಗಿಗೆ ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಅಳೆಯುವ ಕೆಲಸ. ಎರಡು ದಿನ ಮೂಲೆಯಲ್ಲಿ ಕೂತಿದ್ದೆ. ಸಿಸ್ಟರ್ ನನಗೆ ಮಧ್ಯಾಹ್ನ ತಮ್ಮ ಡಬ್ಬಿಯಿಂದಲೇ ಅವರೆಕಾಳು ಸಾರನ್ನ ಹಾಕಿದರು. 'ಏನೇ ಲೆಕ್ಕದವಳೇ, ಅದೇನು ಕುಟುಕುಟು ಒತ್ತದು?' ಎಂದು ಕೇಳಿದರು.

'ಟೈಮ್ ಬರ್ಕೊಳ್ತಿದೀನಿ ಸಿಸ್ಟರ್.'

'ಚಪ್ಪಲಿ ನೋಡೋ ಟೈಮೂ ಬರ್ಕೋ ಮತ್ತೆ. ಅದನ್ನ ಬುಟ್ಬುಟ್ಟೀಯ.'

ಬಿಡಲಿಲ್ಲ. ಬರೆದುಕೊಂಡೆ. ಎಲ್ಲಿ ಬರೆದೆ ಅಂದರೆ, ನನ್ನ ಪಟ್ಟಿಯಲ್ಲಿ 'ಚಿಕಿತ್ಸೆ' ಎಂದು ಒಂದು ಕಾಲಂ, 'ಖಾಲಿ ಸಮಯ' ಎಂದು ಇನ್ನೊಂದು. ಗಾಯ ತೊಳೆದು ಕಟ್ಟಿದ್ದನ್ನು ಚಿಕಿತ್ಸೆಗೆ ಹಾಕಿದೆ. ಚಪ್ಪಲಿ ಸವರಿದ್ದು, ಫೋನು ಮಾಡಿದ್ದು, ಅಂಗಾಲು ಒತ್ತಿದ್ದು, ಎಲ್ಲವನ್ನೂ ಖಾಲಿ ಸಮಯಕ್ಕೆ ಹಾಕಿದೆ. ಅವುಗಳಿಗೆ ಬಿಲ್ಲಿಲ್ಲವಲ್ಲ! ಬಿಲ್ಲಿಲ್ಲದ್ದು ಕೆಲಸವಲ್ಲ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನಷ್ಟಕ್ಕೆ ನಾನೇ ಹಾಗೆ ತಿಳಿದಿದ್ದೆ. ಅವರ ಸಾರನ್ನ ಉಂಡು, ಅದೇ ಕೈಯಲ್ಲಿ ಅವರು ದಿನದ ಅರ್ಧ ಹೊತ್ತು ಸುಮ್ಮನೆ ಕೂತಿರುತ್ತಾರೆ ಎಂದು ಬರೆದೆ. ಥೂ!

ಅರಸೀಕೆರೆಯ ಮೀಟಿಂಗಿನಲ್ಲಿ ಆ ರೂಮಿನ ಸಾಲು ಪರದೆಯ ಮೇಲೆ ಕೆಂಪಗೆ ಹೊಳೆಯಿತು. ಹಿರಿಯ ಡಾಕ್ಟರು, ಗ್ರೂಪಿನ ಮುಖ್ಯಸ್ಥರು, 'ಇದನ್ನ ಯಾಕೆ ಇಟ್ಕೊಂಡಿದೀವಿ?' ಎಂದು ಕೇಳಿದರು. ಡ್ರೆಸ್ಸಿಂಗನ್ನು ಅರಸೀಕೆರೆಗೆ ತಂದರೆ ಆ ರೂಮನ್ನು ರಕ್ತ ಪರೀಕ್ಷೆಗೆ ಕೊಡಬಹುದು ಎಂದೆ. 'ವೆರಿ ಗುಡ್' ಅಂದರು. ಆ ಎರಡು ಶಬ್ದ ಕೇಳಿ ನಾನು ಹಿಗ್ಗಿದ್ದನ್ನೂ ಬರೆದುಬಿಡುತ್ತೇನೆ. ಆರು ಜನ ವೈದ್ಯರಿದ್ದರು ಆ ಕೋಣೆಯಲ್ಲಿ. ಚಪ್ಪಲಿ ನೋಡುವುದು ಯಾಕೆ ಅಂತ ನನಗೆ ಗೊತ್ತಿರಲಿಲ್ಲ ಸರಿ, ಇವರಿಗೂ ಗೊತ್ತಿರಲಿಲ್ಲವೇ? ಕಾಲೇಜಿನಲ್ಲಿ ಅಷ್ಟು ವರ್ಷ ಏನು ಓದಿದರು? ಒಬ್ಬರಾದರೂ ಬಾಯಿ ಬಿಡಬಾರದಿತ್ತೇ?

ಬಾಯಿ ಬಿಟ್ಟವರು ಸಿಸ್ಟರ್ ಒಬ್ಬರೇ. ಆ ರೂಮು ಮುಚ್ಚಿ ಅವರನ್ನು ಅರಸೀಕೆರೆಗೆ ಹಾಕಿದ್ದರು. ದಿನಾ ಬೆಳಗ್ಗೆ ಎರಡು ಬಸ್ಸು ಹತ್ತಿ ಇಳಿದು ಬರುತ್ತಿದ್ದವರು, ಡ್ಯೂಟಿಗೆ ಹೋಗುವ ಮೊದಲು ನನ್ನ ಕ್ಯಾಬಿನ್ನಿನ ಬಾಗಿಲಲ್ಲಿ ನಿಲ್ಲುತ್ತಿದ್ದರು.

'ಹಳೇಬೀಡಿನೋರು ಯಾರೂ ಬತ್ತಾ ಇಲ್ಲ ಕಣೇ. ದಿನದ ಕೂಲಿ ಬುಟ್ಟು, ಹುಣ್ಣಾಗಿರೋ ಕಾಲು ಹೊತ್ಕೊಂಡು ಇಲ್ಲೀಗಂಟ ಯಾರು ಬತ್ತಾರೆ? ಗೈಡಣ್ಣ ಎರಡು ಸಲ ಬಂದ್ರು. ಈಗ ಫೋನ್ ಮಾಡುದ್ರೆ, ಸೀಜನ್ನು ಮುಗೀಲಿ ಅಂತಾರೆ. ನೀನೇ ಬರೆದಿದ್ದಲ್ವಾ, ನೀನೇ ತಿದ್ದು.'

'ಮುಂದಿನ ಕ್ವಾರ್ಟರ್ ನೋಡೋಣ ಸಿಸ್ಟರ್, ಮೂರು ತಿಂಗಳಾಗ್ಲಿ' ಅಂದೆ.

ಹೀಗಂದದ್ದು ಒಂದು ಸಲವಲ್ಲ. ಅವರು ಕೇಳಿದಾಗಲೆಲ್ಲ ಅದನ್ನೇ ಅಂದೆ. ಮುಖ ಎತ್ತದೆ, ಕಂಪ್ಯೂಟರ್ ನೋಡಿಕೊಂಡೇ ಅಂದೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುವುದು ಆ ಮಾತಿಗೆ.

ಒಂದು ದಿನ ಅವರು ಬಾಗಿಲಲ್ಲಿ ನಿಲ್ಲದೆ ನೇರ ಒಳಗೆ ಬಂದರು. ಪ್ಲಾಸ್ಟಿಕ್ ಕವರಿನಿಂದ ಒಂದು ಚಪ್ಪಲಿ ತೆಗೆದು ನನ್ನ ಕೀಬೋರ್ಡಿನ ಮೇಲೆ ಇಟ್ಟರು. ಬಲಗಾಲಿನದು.

'ಕೈ ಹಾಕು' ಅಂದರು.

'ಸಿಸ್ಟರ್, ಏನಿದು...'

'ಕೈ ಹಾಕೇ ಅಂದೆ!'

ಹಾಕಿದೆ. ಹೆಬ್ಬೆರಳು ಊರುವ ಜಾಗದಲ್ಲಿ ಚುರುಕ್ಕೆಂದು ಚುಚ್ಚಿತು. ಬೆರಳಿನಲ್ಲಿ ರಕ್ತ ಬಂತು. ಚಪ್ಪಲಿಗೆ ಹೊಸದಾಗಿ ಅಟ್ಟೆ ಹೊಡೆಸಿದಾಗ ಮೊಳೆಯ ತುದಿ ಒಳಗೆ ಬಂದಿತ್ತು. ಗೈಡಣ್ಣ ಅದನ್ನು ಹಾಕಿಕೊಂಡು ಹದಿನೈದು ದಿನ ಓಡಾಡಿದ್ದರು. ಅವರ ಕಾಲಿಗೆ ಅದು ಗೊತ್ತೇ ಆಗಿರಲಿಲ್ಲ. ನಾತ ಬಂದ ಮೇಲೆ ಹೆಂಡತಿ ನೋಡಿ, ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಅಲ್ಲಿ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದುಬಿಟ್ಟಿದ್ದರು.

'ಅರ್ಧ ನಿಮಿಷ' ಅಂದರು ಸಿಸ್ಟರ್. 'ಅರ್ಧ ನಿಮಿಷ ನಾನು ಇದರೊಳೀಕೆ ಕೈ ಆಡ್ಸಿದ್ರೆ ಸಾಕಿತ್ತು ಕಣೇ. ಆ ಅರ್ಧ ನಿಮಿಷಾನ ಖಾಲಿ ಅಂತ ಬರೆದ್ಯಲ್ಲೇ ನೀನು. ನಿಂಗೆ ಅನ್ನ ಹಾಕಿದ್ನಲ್ಲೇ ನಾನು!'

ಅದೇ ಚಪ್ಪಲಿಯನ್ನು ಹಿರಿಯ ಡಾಕ್ಟರ ಮೇಜಿನ ಮೇಲೂ ಇಟ್ಟು, ಕೆಲಸ ಬಿಡುತ್ತೇನೆ ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ನಡೆದರು. ಡಾಕ್ಟರು ಆಯಾಳನ್ನು ಕರೆದು ಮೇಜು ಒರೆಸಲು ಹೇಳಿದರು. ನನಗೆ ಹೇಳಿದ್ದು ಇಷ್ಟೇ: 'ಬಹಳ ಎಮೋಷನಲ್ ಆಗ್ತಾರೆ ಇವ್ರು.'

ಸಿಸ್ಟರ್ ಬಸ್ತಿಹಳ್ಳಿಯ ತಮ್ಮ ಮನೆಯ ಜಗಲಿಯಲ್ಲೇ ಕಾಲು ನೋಡತೊಡಗಿದರು. ಹಳೆಯ ರೋಗಿಗಳೆಲ್ಲ ಅಲ್ಲಿಗೇ ಹೋದರು. ನಾನು ಒಂದು ಸಲವೂ ಹೋಗಲಿಲ್ಲ, ಧೈರ್ಯ ಬರಲಿಲ್ಲ. ಪಟ್ಟಿಯನ್ನೇನೋ ತಿದ್ದಿದೆ. ಚಪ್ಪಲಿ ನೋಡುವ ನಿಮಿಷಗಳನ್ನು ಚಿಕಿತ್ಸೆಯ ಕಾಲಂಗೆ ತಂದು, ರೂಮು ಮತ್ತೆ ತೆರೆಯಬೇಕು ಎಂದು ಬರೆದು ಕಳಿಸಿದೆ. ಯಾರೂ ಓದಲಿಲ್ಲ. ರಕ್ತ ಪರೀಕ್ಷೆಯಿಂದ ಒಳ್ಳೆಯ ವರಮಾನ ಬರುತ್ತಿತ್ತು.

ಹೋದ ವರ್ಷ ಸಿಸ್ಟರ್ ತೀರಿಕೊಂಡರು. ಬೆಳಗ್ಗೆ ಜಗಲಿ ಸಾರಿಸುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ, ಮತ್ತೆ ಏಳಲಿಲ್ಲ. ಹನ್ನೊಂದನೆಯ ದಿನ ಕಳೆದಿರಲಿಲ್ಲ, ಅರಸೀಕೆರೆಯ ಆಸ್ಪತ್ರೆಯ ಹಜಾರದಲ್ಲಿ ಅವರ ಫೋಟೋ ತೂಗುಹಾಕಿದರು. ಗಂಧದ ಹಾರ, ಕೆಳಗೆ 'ನಮ್ಮ ಸಂಸ್ಥೆಯ ಹೆಮ್ಮೆ' ಎಂಬ ಬರಹ. ನೋಡಿ ನನಗೆ ಕಾಲಿನಿಂದ ತಲೆಯವರೆಗೆ ಬೆಂಕಿ ಹತ್ತಿದಂತಾಯಿತು. ಅಷ್ಟರಲ್ಲಿ ಹಿರಿಯ ಡಾಕ್ಟರು ನನ್ನನ್ನು ಕರೆಸಿದರು.

'ಅವರ ಹೆಸರಲ್ಲೇ ಒಂದು ಪಾದ ರಕ್ಷಣೆ ಪ್ಯಾಕೇಜ್ ಶುರು ಮಾಡೋಣಮ್ಮ. ಜನಕ್ಕೆ ಅವರ ಮೇಲೆ ಅಭಿಮಾನ ಇದೆ. ಪಾದರಕ್ಷೆ ತಪಾಸಣೆ ಅಂತ ಒಂದು ಐಟಂ ಸೇರಿಸಿ ರೇಟ್ ಹಾಕಿ ಕೊಡು.'

'ಸರ್, ಅದನ್ನ ಅವರು ಪುಕ್ಕಟೆ ಮಾಡ್ತಿದ್ರು' ಅಂದೆ.

'ಅದಕ್ಕೇ ರೂಮ್ ನಿಲ್ಲಲಿಲ್ಲ. ನೀನೇ ತಾನೆ ತೋರಿಸಿದ್ದು?'

ರಾಜೀನಾಮೆ ಮುಖಕ್ಕೆಸೆದು ಬಂದೆ ಎಂದು ಬರೆದರೆ ಎಷ್ಟು ಚೆನ್ನಾಗಿರುತ್ತಿತ್ತು! ಎಸೆಯಲಿಲ್ಲ. ಮನೆ ಸಾಲದ ಕಂತು, ಅಪ್ಪನ ಮಾತ್ರೆ, ಹೀಗೆ ಹೇಳಿಕೊಳ್ಳಲು ನನಗೂ ನಾಲ್ಕು ಕಾರಣಗಳಿವೆ. 'ಆ ರೇಟು ನಾನು ಹಾಕಲ್ಲ, ಬೇರೆ ಯಾರ ಕೈಲಾದ್ರೂ ಹಾಕಿಸ್ಕೊಳಿ ಸರ್' ಎಂದು ಹೇಳಿ, ಅರ್ಧ ದಿನ ರಜೆ ಬರೆದು, ಹಳೇಬೀಡಿನ ಕಡೆಗೆ ಬಸ್ಸು ಹತ್ತಿದೆ.

ಗೈಡಣ್ಣ ಮನೆಯಲ್ಲೇ ಇದ್ದರು. ಊರುಗೋಲು ಗೋಡೆಗೆ ಒರಗಿತ್ತು. ನಾನು ಇಂಥವಳು, ಆಸ್ಪತ್ರೆಯಲ್ಲಿ ಇಂಥ ಕೆಲಸ ಎಂದು ಹೇಳಿ, ಆ ರೂಮು ಮುಚ್ಚಿಸಿದ ಪಟ್ಟಿ ನನ್ನದೇ ಅಂದೆ.

'ಗೊತ್ತು' ಅಂದರು. 'ಸಿಸ್ಟರಮ್ಮ ಹೇಳಿದ್ರು. ಯಾವತ್ತಾರ ಒಂದಿನ ಬತ್ತಾಳೆ, ಬೈಯೋದಾದ್ರೆ ಆಗ ಮುಖಕ್ಕೇ ಬೈಯಿ, ಹಿಂದಿನಿಂದ ಬೈಬ್ಯಾಡ ಅಂದಿದ್ರು. ಕೂತ್ಕೊಳಿ.'

ಕೂತೆ. ಮೂರು ಭಾಷೆಯಲ್ಲಿ ದೇವಸ್ಥಾನದ ಕಥೆ ಹೇಳಿದ ಬಾಯಿ ಅದು. ಬೈಯತೊಡಗಿದರು. ಹೆಂಡತಿ ಒಳಗಿನಿಂದ ಬಂದು, 'ಸಾಕು ಬುಡಿ, ಆ ಹುಡ್ಗಿ ಅಳ್ತಾ ಐತೆ' ಎಂದು ತಡೆಯಲು ನೋಡಿದರು. ಬೇಡಮ್ಮ, ಬೈಯಲಿ ಎಂದೆ. ಅವರು ಪೂರ್ತಿ ಬೈದು ಮುಗಿಸುವವರೆಗೆ ನಾನು ಎದ್ದು ಬರಲಿಲ್ಲ.