ಕಾಯಿಸಿ ಆರಿಸಿದ ಹೈಡ್ರೋಜನ್ ನೀರು

ಶಾಲೆ ಶುರುವಾಗುವುದಕ್ಕೆ ಇನ್ನೊಂದು ವಾರವಿತ್ತು. ಹುಣಸೂರಿನ ನಮ್ಮ ಹೊಲಿಗೆ ಅಂಗಡಿಯಲ್ಲಿ ನೀಲಿ ಚಡ್ಡಿ, ಬಿಳಿ ಅಂಗಿಗಳ ರಾಶಿ ಬಿದ್ದಿತ್ತು. ಆ ಬೆಳಿಗ್ಗೆಯೂ ನಮ್ಮ ಯಜಮಾನರು ಎಂದಿನಂತೆ ಹತ್ತು ಸೂಜಿಗೆ ದಾರ ಪೋಣಿಸಿ, ಹಳೇ ಕೋಟಿನ ತೋಳಿನಿಂದ ಮಾಡಿದ್ದ ಪುಟ್ಟ ದಿಂಬಿಗೆ ಸಾಲಾಗಿ ಚುಚ್ಚಿಟ್ಟರು. ಗುಂಡಿ, ಹುಕ್ಕು, ಅಂಚು ಮಡಿಸಿ ಹೊಲಿಯುವ ಕೈಕೆಲಸವೆಲ್ಲ ನನ್ನದು. ಕನ್ನಡಕ ಹಾಕಿಕೊಂಡರೆ ನನಗೆ ಬಟ್ಟೆ ಕಾಣುತ್ತಿತ್ತು, ಸೂಜಿಯ ಕಣ್ಣು ಮಾತ್ರ ಕಾಣುತ್ತಿರಲಿಲ್ಲ. ಅವರು ದಾರದ ತುದಿಯನ್ನು ತುಟಿಗೆ ತಾಗಿಸಿ, ಬೀದಿಯಲ್ಲಿ ಹೋಗುವವರ ಜೊತೆ ಮಾತಾಡುತ್ತಲೇ ಪೋಣಿಸಿಬಿಡುತ್ತಿದ್ದರು. ಅಂದು ಪಿರಿಯಾಪಟ್ಟಣದ ಗಿರಾಕಿಯೊಬ್ಬರು, ಕಳೆದ ಸಲ ಹೊಲಿಸಿದ ಚಡ್ಡಿ ಮೂರೇ ತಿಂಗಳಿಗೆ ಮಗನಿಗೆ ಬಿಗಿಯಾಯಿತೆಂದು ದೂರಿದರು. ಚಡ್ಡಿ ಚಿಕ್ಕದಲ್ಲ, ನಿಮ್ಮ ಮನೆ ಮುದ್ದೆ ದೊಡ್ಡದು ಎಂದು ಇವರು ಹೇಳಿ ಅವರನ್ನು ನಗಿಸಿದರು. ಮಧ್ಯಾಹ್ನ ಹುರುಳಿಕಾಳಿನ ಬಸ್ಸಾರು ಮಾಡಿದ್ದೆ. ಆ ದಿನದ ಬಗ್ಗೆ ಹೇಳುವುದಕ್ಕೆ ಇನ್ನೇನೂ ಇಲ್ಲ.

ಮಾರನೆಯ ಬೆಳಿಗ್ಗೆ ದಾರ ಸೂಜಿಯ ಪಕ್ಕಕ್ಕೆ ಹೋಯಿತು. ಮತ್ತೆ ಹೋಯಿತು. ಅವರು ಸೂಜಿಯನ್ನು ಬೈದರು, ದಾರವನ್ನು ಬೈದರು, ಕೊನೆಗೆ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತರು. ಹೆಬ್ಬೆರಳು ತನ್ನಷ್ಟಕ್ಕೆ ತಾನು ಅಲ್ಲಾಡುತ್ತಿತ್ತು. ಬಟ್ಟೆ ಹಿಡಿದು ಮಿಷಿನ್ ತುಳಿಯುವಾಗ ನಡುಕ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಸೂಜಿ ಹಿಡಿದಾಗ ಮುಚ್ಚಿಡಲು ಆಗುತ್ತಿರಲಿಲ್ಲ. ಮೈಸೂರಿನ ಡಾಕ್ಟರು ನೋಡಿ, ಇದು ನಡುಕದ ಕಾಯಿಲೆ, ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಹಿಡಿತದಲ್ಲಿ ಇಡಬಹುದು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಇವರು ಕೇಳಿದ್ದು ಒಂದೇ ಮಾತು: ಇನ್ನು ನಿನಗೆ ದಾರ ಯಾರು ಪೋಣಿಸಿಕೊಡುತ್ತಾರೆ?

ಆ ದಿನಗಳಲ್ಲೇ ಹಿಂದಿನ ಬೀದಿಯ ಮೇಷ್ಟ್ರು ತಮ್ಮ ಮಂಡಿನೋವಿಗೆಂದು ಒಂದು ನೀರಿನ ಮಿಷಿನ್ ತರಿಸಿದ್ದರು. ರಿಟೈರ್ ಆದ ಮೇಲೆ ಅವರಿಗೆ ಪಾಠ ಹೇಳಲು ಮಕ್ಕಳಿರಲಿಲ್ಲ. ಸಿಕ್ಕಿದವರಿಗೆಲ್ಲ ನೀರಿನ ಪಾಠ ಮಾಡುತ್ತಿದ್ದರು. ಮಿಷಿನ್ನು ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ಗಾಳಿಯನ್ನು ನೀರಿನಲ್ಲೇ ಬೆರೆಸುತ್ತದಂತೆ. ಅದರಷ್ಟು ಹಗುರವಾದ ಗಾಳಿ ಬೇರೊಂದಿಲ್ಲವಂತೆ. ಮೈಯ ಮೂಲೆಮೂಲೆಗೂ ಹೋಗಿ, ಒಳಗೆ ಹಿಡಿಯುವ ತುಕ್ಕನ್ನು ತಡೆಯುತ್ತದಂತೆ. ನಡುಕದ ಕಾಯಿಲೆಯವರಿಗೂ ಇದನ್ನು ಕೊಟ್ಟು ನೋಡುತ್ತಿದ್ದಾರೆಂದು ಎಲ್ಲೋ ಓದಿದ್ದರು. ಹೊಲಿಗೆಯವರಿಗೆ ತುಕ್ಕಿನ ಮಾತು ಬೇಗ ನಾಟುತ್ತದೆ. ನಮ್ಮವರು ಡಾಕ್ಟರನ್ನು ಕೇಳಿದರು. ನೀರು ತಾನೇ, ಕುಡಿಯಿರಿ, ಗುಣವಾಗುತ್ತದೆಂದು ನಾನು ಹೇಳಲಾರೆ, ಮಾತ್ರೆ ಮಾತ್ರ ನಿಲ್ಲಿಸಬೇಡಿ ಎಂದು ಅವರು ಅಂದರು.

ದಿನಾ ಬೆಳಿಗ್ಗೆ ಚೊಂಬು ಹಿಡಿದು ಹೋಗಿ ನೀರು ತರುವುದು ನನ್ನ ಪಾಲಿಗೆ ಬಂತು. ಬೇಗ ತಾ ಎಂದಷ್ಟೇ ಇವರು ಹೇಳಿದ್ದರು. ಏಕೆ ಬೇಗ ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಕಾಯಿಲೆಯವರಿಗೆ ಹಸಿ ನೀರು ಕೊಡುವ ಪದ್ಧತಿಯಿಲ್ಲ. ನಮ್ಮತ್ತೆ ಇದ್ದಾಗ ಬಾಣಂತಿಗೂ ಅಷ್ಟೆ, ಜ್ವರದವರಿಗೂ ಅಷ್ಟೆ, ಕಾಯಿಸಿ ಆರಿಸಿದ ನೀರೇ. ಮಿಷಿನ್ನಿಗೆ ಹೋಗುವುದೂ ಅದೇ ನಲ್ಲಿ ನೀರು ತಾನೇ ಎಂದುಕೊಂಡೆ. ತಂದ ನೀರನ್ನು ಒಲೆಯ ಮೇಲಿಟ್ಟು ಚೆನ್ನಾಗಿ ಕುದಿಸುತ್ತಿದ್ದೆ. ಬೇಗ ಆರಲೆಂದು ಎರಡು ಲೋಟ ಹಿಡಿದು, ಕಾಫಿ ಆರಿಸುವ ಹಾಗೆ ಎತ್ತಿ ಎತ್ತಿ ಹೊಯ್ಯುತ್ತಿದ್ದೆ. ಲೋಟದ ತುಂಬ ಗುಳ್ಳೆ ಏಳುತ್ತಿತ್ತು.

ಆ ಗುಳ್ಳೆ ಕಂಡರೆ ಇವರಿಗೆ ಎಲ್ಲಿಲ್ಲದ ಸಂಭ್ರಮ. ಹೈಡ್ರೋಜನ್ನು ಎದ್ದು ಬರುತ್ತಿದೆಯೆಂದು ಲೋಟವನ್ನು ಬೆಳಕಿಗೆ ಹಿಡಿದು ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ಎಚ್.ಡಿ. ಕೋಟೆಯ ಕಡೆಯ ಒಬ್ಬಾಕೆ ರವಿಕೆ ಅಳತೆ ಕೊಡಲು ಬಂದವಳು ಲೋಟ ನೋಡಿ, ಇದಕ್ಕಿಂತ ನಮ್ಮ ಊರಿನ ಸೋಡಾದಲ್ಲಿ ಗುಳ್ಳೆ ಜಾಸ್ತಿ ಎಂದಳು. ಇವರಿಗೆ ಸಿಟ್ಟು ಬಂದು, ಅವಳ ರವಿಕೆ ಎರಡು ದಿನ ತಡವಾಯಿತು.

ದಿನಾ ನೀರು ಕುಡಿದ ಮೇಲೆ ಸೂಜಿಯ ಪರೀಕ್ಷೆ. ಮೂರು ಸಲ ಪ್ರಯತ್ನ, ಆಗದಿದ್ದರೆ ನಾಳೆಗೆ. ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಎರಡನೆಯ ಸಲಕ್ಕೇ ದಾರ ಒಳಗೆ ಹೋಯಿತು. ಇವರು ದಾರದ ಎರಡೂ ತುದಿ ಹಿಡಿದು ಸೂಜಿಯನ್ನು ತೂಗುಬಿಟ್ಟು ಅದನ್ನೇ ನೋಡುತ್ತ ನಿಂತರು. ಆಮೇಲೆ ಇನ್ನೆರಡು ಸೂಜಿ ಪೋಣಿಸಿದರು. ಆ ದಿನ ನಾನು ಪಾಯಸ ಮಾಡಿದೆ.

ಅದೇ ವಾರ ಮೇಷ್ಟ್ರು ತಮ್ಮ ಅಂಗಿಯ ಗುಂಡಿ ಹಾಕಿಸಲು ಅಂಗಡಿ ತೆರೆಯುವ ಹೊತ್ತಿಗೆ ಮುಂಚೆಯೇ ಮನೆಗೆ ಬಂದರು. ಒಲೆಯ ಮೇಲೆ ತಮ್ಮ ಮಿಷಿನ್ನಿನ ನೀರು ಕೊತಕೊತ ಕುದಿಯುವುದನ್ನು ಕಂಡು, ಇದೇನು ಎಂದು ಕೇಳಿದರು. ನಾನು ಇದ್ದದ್ದು ಇದ್ದಂತೆ ಹೇಳಿದೆ. ಅವರು ಅಲ್ಲೇ ಮಣೆಯ ಮೇಲೆ ಕುಳಿತುಬಿಟ್ಟರು.

"ಅಯ್ಯೋ ತಾಯಿ, ಸುಮ್ಮನೆ ಇಟ್ಟರೇ ಹಾರಿಹೋಗೋ ಗಾಳಿ ಕಣಮ್ಮ ಅದು. ನೀವು ಕುದಿಸಿ, ಮೇಲಿಂದ ಎತ್ತಿ ಬೇರೆ ಹೊಯ್ದಿದೀರಲ್ಲ."

ನಾನು ಒಲೆ ಆರಿಸಿದೆ. ಒಂದು ತಿಂಗಳು ಇವರಿಗೆ ಬರೀ ನೀರು ಕುಡಿಸಿದ್ದೆ. ಕೈ ಸರಿಹೋಗುವುದನ್ನು ನಾನೇ ಕೆಡಿಸಿದೆನೋ ಏನೋ ಎನಿಸಿತು. ಇವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕೈಯಲ್ಲಿ ಅಂದು ಪೋಣಿಸಿದ ಸೂಜಿಯಿತ್ತು. ನನ್ನನ್ನು ನೋಡಿದರು, ಸೂಜಿಯನ್ನು ನೋಡಿದರು, ಮೇಷ್ಟ್ರನ್ನು ನೋಡಿದರು.

"ಬುಡಿ ಮೇಷ್ಟ್ರೇ. ಇವಳು ಬರೀ ನೀರು ಕೊಟ್ಟೇ ಇಷ್ಟು ಮಾಡವ್ಳೆ. ಇನ್ನು ಗಾಳಿನೂ ಸೇರ್ಸಿ ಕೊಟ್ಟಿದ್ರೆ ನಾನು ನಿಮ್ಗೆ ಸೂಟೇ ಹೊಲ್ದು ಕೊಡಬೇಕಾಗಿತ್ತು."

ಮೂವರೂ ನಕ್ಕೆವು. ಮೇಷ್ಟ್ರಿಗೆ ಕಣ್ಣಲ್ಲಿ ನೀರು ಬರುವಷ್ಟು ನಗು. ಸೋಡಾದವಳಿಗೆ ಮಾತ್ರ ಹೇಳಬೇಡಿ ಎಂದು ಇವರು ಇಬ್ಬರಿಂದಲೂ ಮಾತು ತೆಗೆದುಕೊಂಡರು.

ಮಾರನೆಯ ದಿನದಿಂದ ತಾವೇ ನಡೆದು ಹೋಗಿ, ಮಿಷಿನ್ನಿನ ಮುಂದೆ ನಿಂತು, ಹಿಡಿದ ಕೂಡಲೇ ಕುಡಿದು ಬರತೊಡಗಿದರು. ಮೇಷ್ಟ್ರ ಜೊತೆ ಹರಟಿ, ಸುತ್ತುದಾರಿಯಲ್ಲಿ ನಡೆದು ಬರುವಷ್ಟರಲ್ಲಿ ಗಂಟೆ ಕಳೆಯುತ್ತಿತ್ತು. ಹೆಜ್ಜೆ ಹಗುರಾಯಿತು, ನಿದ್ದೆ ಚೆನ್ನಾಗಿ ಬರುತ್ತಿತ್ತು. ಅದು ನೀರಿನದೋ, ಮಾತ್ರೆಯದೋ, ನಡಿಗೆಯದೋ, ಮೇಷ್ಟ್ರ ಜೊತೆಗಿನ ಹರಟೆಯದೋ ನನಗೆ ತಿಳಿಯದು. ತಿಳಿದವರಂತೆ ಬರೆಯುವುದಕ್ಕೂ ಆಗುವುದಿಲ್ಲ. ನಡುಕ ನಿಧಾನವಾಗಿ ಬಂದೇ ಬಂತು. ಎರಡನೆಯ ವರ್ಷಕ್ಕೆ ಸೂಜಿ ಹಿಡಿಯುವುದು ನಿಂತಿತು.

ಆಗ ನಾವು ಬೇರೆ ದಾರಿ ಕಂಡುಕೊಂಡೆವು. ನನ್ನ ಕೈ ನಡುಗುತ್ತಿರಲಿಲ್ಲ, ಅವರ ಕಣ್ಣು ಚೆನ್ನಾಗಿತ್ತು. ನಾನು ಸೂಜಿಯನ್ನೂ ದಾರವನ್ನೂ ಹಿಡಿಯುವುದು, ಅವರು ಪಕ್ಕದಲ್ಲಿ ಬಗ್ಗಿ ನೋಡಿ ಹೇಳುವುದು.

"ಮ್ಯಾಲಕ್ಕೆ. ಇನ್ನೂ ಚೂರು ಮ್ಯಾಲಕ್ಕೆ ಕಣೆ. ಆ, ಈಗ ತಳ್ಳು."

ಹತ್ತು ಸೂಜಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಬೈಗುಳವೂ ನಗುವೂ ಅದರಲ್ಲೇ. ಹಾಗೆ ಮೂರು ವರ್ಷ ನಡೆಯಿತು. ಒಂದು ಮಳೆಗಾಲದಲ್ಲಿ ಜ್ವರ ಎದೆಗೆ ಇಳಿದು, ಮೈಸೂರಿನ ಆಸ್ಪತ್ರೆಯಲ್ಲಿ ಐದನೆಯ ದಿನ ತೀರಿಕೊಂಡರು.

ಮೇಷ್ಟ್ರು ಈಗಲೂ ಒಮ್ಮೊಮ್ಮೆ ನೀರು ಕಳಿಸುತ್ತಾರೆ. ಬಂದ ಕೂಡಲೇ ಕುಡಿಯುತ್ತೇನೆ, ಕಾಯಿಸುವುದಿಲ್ಲ. ದಾರ ಪೋಣಿಸಲೆಂದು ತೆಳು ತಂತಿಯ ಕೊಂಡಿಯೊಂದನ್ನು ಮದುವೆಯಾಗಿ ಹೋದ ಮಗಳು ತಂದುಕೊಟ್ಟಿದ್ದಾಳೆ. ಅದರಲ್ಲಿ ಕೆಲಸ ಬೇಗ ಆಗುತ್ತದೆ. ಇನ್ನೂ ಚೂರು ಮೇಲಕ್ಕೆ ಎಂದು ಹೇಳುವವರು ಇಲ್ಲ.